ಬಸ್ಸು ನಮ್ಮ ಹಿಂದೆ ಬಂದ ದಿನ

ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಮೆಟ್ಟಿಲಿನ ಕಡೆ ಹೊರಟಿದ್ದ ನನ್ನ ಪಕ್ಕದಲ್ಲೇ ಸಿಕಂದರಾಬಾದ್ ಬಸ್ಸು ಬಂದು ನಿಂತಾಗ ಬೆಚ್ಚಿಬಿದ್ದೆ. ಅದು ಸ್ಟಾಪಿನಲ್ಲೇ ನಿಂತದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಯಾವಾಗಲೂ ಸ್ಟಾಪು ದಾಟಿ, ದೂರದ ಬೇಕರಿಯ ಎದುರು ನಿಲ್ಲುತ್ತಿತ್ತು. ಲ್ಯಾಪ್‌ಟಾಪ್ ಚೀಲದ ನಾವೂ ಬುತ್ತಿ ಗಂಟಿನ ಕೂಲಿಯವರೂ ಒಟ್ಟಿಗೆ ಅದರ ಹಿಂದೆ ಓಡುತ್ತಿದ್ದೆವು. ಮೆಟ್ರೊ ಶುರುವಾದ ಮೇಲೆ ಮಾತ್ರ ಬಸ್ಸು ಖಾಲಿ ಹೊಡೆಯುತ್ತಿತ್ತು.

ಕಂಡಕ್ಟರ್ ಬಾಗಿಲಲ್ಲಿ ನಿಂತು, ಸೀಟಿದೆ ಬನ್ನಿ ಎಂದು ನಗುನಗುತ್ತಾ ಕರೆದ. ಸ್ಟಾಪಿನಲ್ಲಿದ್ದ ಬಸಮ್ಮ ಹತ್ತಲಿಲ್ಲ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ನಮ್ಮ ಹಳೆಯ ಓಟದ ಜೊತೆಗಾರ್ತಿ. ಬುಟ್ಟಿಯನ್ನು ಸೊಂಟಕ್ಕೇರಿಸಿ ಬೇಕರಿಯ ಕಡೆ ನಿಧಾನವಾಗಿ ನಡೆದರು. ಬಸ್ಸೂ ಅವರ ಹಿಂದೆ ತೆವಳತೊಡಗಿತು.

"ಹತ್ತಲ್ವಾ ಬಸಮ್ಮ?" ಎಂದೆ.

"ತಡೀರಿ ಸರ. ಇಷ್ಟು ವರ್ಷ ನಾವು ಇದರ ಹಿಂದ ಓಡೀವಿ. ಇವತ್ತೊಂದಿನ ಇದೂ ನಮ್ಮ ಹಿಂದ ಬರಲಿ."

ನಾನೂ ಮೆಟ್ರೊ ಬಿಟ್ಟು ಅವರ ಜೊತೆ ಹೆಜ್ಜೆ ಹಾಕಿದೆ. ಬೇಕರಿಯ ಎದುರು ಇಬ್ಬರೂ ಗತ್ತಿನಿಂದ ಬಸ್ಸು ಹತ್ತಿದೆವು.

ಮೆಟ್ರೊ ಗೆರೆ ಎಳೆದಲ್ಲೇ ನಿಲ್ಲುತ್ತದೆ. ಅದರ ಮೇಲೆ ತೀರಿಸಿಕೊಳ್ಳಲು ಯಾವ ಸೇಡೂ ಇಲ್ಲ. ಅದಕ್ಕೇ ವಾರಕ್ಕೊಮ್ಮೆ ಬಸ್‌ಸ್ಟಾಪಿಗೆ ಹೋಗುತ್ತೇನೆ, ಬೇಕರಿಯ ತನಕ ನಡೆಯಲು.