ಹಂದರಕ್ಕೆ ಬಾರದ ನೀಲಿ

ತೊಂಬತ್ತರ ಆಸುಪಾಸು, ಬಿ.ಎಸ್ಸಿ. ಕೊನೆಯ ವರ್ಷ. ಮೂರು ಬೆಂಜೀನ್ ಉಂಗುರಗಳು ಬೆಸೆದ ವಸ್ತುವೊಂದನ್ನು ನಾನೇ ತಯಾರಿಸಿ, ಸ್ಪಿರಿಟ್‌ನಲ್ಲಿ ಕರಗಿಸಿ, ಸಿಂಧನೂರಿನ ಪರೀಕ್ಷಕರಿಗೆ ತೋರಿಸಲು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದ್ದೆ. ನೋಡಲು ನೀರಿನಂತಿದ್ದ ಅದು ಬಿಸಿಲಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತಿತ್ತು. ಹೆಮ್ಮೆ ತಡೆಯದೆ ಬಾಟಲಿಯನ್ನು ಕಿಟಕಿಗೆ ಹಿಡಿದೇ ಕೂತಿದ್ದೆ.

ಮಸ್ಕಿಯಲ್ಲಿ ಹತ್ತಿದ ಧೋತರದ ಹಿರಿಯರೊಬ್ಬರು ಕೇಳಿದರು, "ಬಟ್ಟಿಗೆ ಹಾಕೋ ನೀಲಿ ಏನಪಾ? ಒಂದೀಟು ಕೊಡು, ನಾಳೆ ಮದುವಿಗೆ ಹೋಗೋದೈತಿ."

"ಅಲ್ರೀ ಯಜಮಾನ್ರ, ಇದು ಬಿಸಿಲಾಗಷ್ಟ ನೀಲಿ ಕಾಣತೈತಿ."

ಅವರು ಬಾಟಲಿಯನ್ನು ನೆರಳಿಗೆ ಹಿಡಿದು ನೋಡಿ, ವಾಪಸ್ ಕೊಟ್ಟರು. "ಮದುವಿ ಹಂದರದಾಗ ಬಿಸಿಲ ಎಲ್ಲಿರತೈತಿ? ಉಪಯೋಗಿಲ್ಲ ಬಿಡು."

ಪರೀಕ್ಷಕರ ಮೊದಲ ಪ್ರಶ್ನೆಯೂ ಅದೇ: "ಇದರ ಉಪಯೋಗವೇನು?"

ಓದಿದ್ದೆಲ್ಲ ಮರೆತುಹೋಗಿ ಅಂದುಬಿಟ್ಟೆ, "ಹಂದರದಾಗ ಏನೂ ಇಲ್ರೀ ಸರ್."