ಗೇಣುದ್ದದ ಬೆಳಕು

ಹೊನ್ನೇಮಡುವಿನಲ್ಲಿ ಸಿದ್ದರಾಜು ಅಳೆಯದೆ ಬಿಟ್ಟ ವಸ್ತು ಕಡಿಮೆ. ಪಾಂಡವಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಆತ ಊರಿಗೆ ಬಂದರೆ ಅವರೆ ಬಳ್ಳಿಗೂ ದಾರ ಹಿಡಿಯುತ್ತಿದ್ದ. ಹೆಣ್ಣು ನೋಡಲು ಹೋದ ದಿನವೂ ಅವರ ಹಿತ್ತಿಲ ಪಪ್ಪಾಯಿ ಗಿಡ ಅಳೆದಿದ್ದ. ಆದರೂ ಸಂಬಂಧ ಕೂಡಿಬಂತು, ಯಾಕೆಂದರೆ ದಾರದ ಇನ್ನೊಂದು ತುದಿ ಹಿಡಿದವಳು ಆ ಹುಡುಗಿಯೇ.

೧೯೯೪ರ ಬೇಸಿಗೆಯಲ್ಲಿ ಊರ ಕೆರೆ ಹಸಿರಾಯಿತು. ಮೀನು ಸಾಕಲು ಕೆರೆ ಗುತ್ತಿಗೆ ಹಿಡಿದಿದ್ದ ಮುಸವ್ವಿರ್ ಮೂರು ತಿಂಗಳಿಂದ ಸಗಣಿ ಗೊಬ್ಬರ ಸುರಿಯುತ್ತಿದ್ದ. ಗೊಬ್ಬರ ತಿಂದು ಪಾಚಿ, ಪಾಚಿ ತಿಂದು ಮೀನು, ಅದು ಅವನ ಅಂದಾಜು. ಆದರೆ ಸಿದ್ದರಾಜುವಿನ ಸೋದರತ್ತೆ, ಪಂಚಾಯಿತಿ ಅಧ್ಯಕ್ಷೆ ಬೈರಮ್ಮನ ಬಿಳಿ ಎತ್ತು ಮೈ ತೊಳೆಸಿಕೊಂಡು ದಡ ಹತ್ತಿದಾಗ ಗಿಣಿಯ ಬಣ್ಣಕ್ಕೆ ತಿರುಗಿತ್ತು. ಅದರ ಜೊತೆಯ ಎತ್ತು ಗುರುತು ಸಿಗದೆ ಹಗ್ಗ ಕಿತ್ತುಕೊಂಡು ಓಡಿತು.

"ಕೆರೆಗೆ ಮೈಲುತುತ್ತ ಉಯ್ಸಿಬುಡ್ತೀನಿ," ಎಂದಳು ಬೈರಮ್ಮ.

"ಉಯ್ದ್ರೆ ಪಾಚಿ ಜೊತೆ ನನ್ನ ಆರು ಸಾವಿರ ಮೀನ್‌ಮರೀನೂ ಓಯ್ತವೆ ಅಕ್ಕಾ," ಎಂದ ಮುಸವ್ವಿರ್.

ಸಿದ್ದರಾಜು ತನ್ನ ನೋಟ್‌ಬುಕ್ಕು ತೆರೆದ. "ಅತ್ತೆ, ಒತ್ತೊತ್ತಾಗಿ ಚೆಲ್ಲಿದ ರಾಗಿ ಪೈರು ನೋಡಿದ್ದೀಯಲ್ಲ? ಮೇಲಿಂದು ಬಿಸಿಲು ಕುಡುದ್ರೆ ಕೆಳಗಿಂದು ಸೊರಗ್ತದೆ. ಪಾಚೀನೂ ಅಂಗೇಯ. ಎಚ್ಚಾದಷ್ಟೂ ತನ್ನ ನೆರಳು ತನಗೇ ಬೀಳ್ತದೆ. ಬಿಳಿ ತಟ್ಟೆ ನೀರಿಗಿಳಿಸುದ್ರೆ ಒಂದು ಗೇಣಿಗೆ ಮರೆಯಾಗ್ತದೆ ಅನ್ನೋ ಒತ್ತಿಗೆ ಬೆಳೆಯೋದು ನಿಲ್ತದೆ."

"ಗೇಣಿಗಿಂತ ಕಮ್ಮಿಗೆ ಬಂದ್ರೆ?"

"ಬರಲ್ಲ."

"ಬಂದ್ರೆ ಮೈಲುತುತ್ತ," ಎಂದು ಬೈರಮ್ಮ ಪಂಚಾಯಿತಿ ಪುಸ್ತಕದಲ್ಲಿ ಬರೆಸಿದಳು.

ತಟ್ಟೆ ಇಳಿಸುವವರು ಯಾರು ಎಂಬ ಮಾತೇ ಏಳಲಿಲ್ಲ. ನಲವತ್ತು ವರ್ಷದಿಂದ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿ ದ್ಯಾವಯ್ಯನ ಕೈಯಿಂದಲ್ಲದೆ ಆ ಕೆರೆಗೆ ಏನೂ ಇಳಿಯುವಂತಿರಲಿಲ್ಲ. ಹಾಗಾಗಿ ಪುಸ್ತಕದಲ್ಲಿ 'ನೀರುಗಂಟಿಯ ಕಣ್ಣಿಗೆ ಕಾಣುವಷ್ಟು' ಎಂದೂ ಸೇರಿತು. ಸಿದ್ದರಾಜು ಅವ್ವನ ಪಿಂಗಾಣಿ ತಟ್ಟೆಗೆ ಹಗ್ಗ ಕಟ್ಟಿ, ಬೆರಳಗಲಕ್ಕೊಂದು ಗಂಟು, ಗೇಣಿಗೆ ಹನ್ನೆರಡರಂತೆ, ಹಾಕಿ ಕೊಟ್ಟು, ಪಾಂಡವಪುರದ ಬಸ್ಸು ಹತ್ತಿದ.

ವಾರಕ್ಕೊಂದರಂತೆ ಮುಸವ್ವಿರನ ಪೋಸ್ಟ್‌ಕಾರ್ಡು ಬರುತ್ತಿತ್ತು. ಮೊದಲನೆಯದರಲ್ಲಿ ಒಂದು ಗೇಣು ಎರಡು ಬೆರಳು. ಎರಡನೆಯದರಲ್ಲಿ ಸರಿಯಾಗಿ ಒಂದು ಗೇಣು. ಸಿದ್ದರಾಜು ಆ ದಿನ ಎರಡು ಲೋಟ ಟೀ ಕುಡಿದ. ಮೂರನೆಯದರಲ್ಲಿ ಎಂಟು ಬೆರಳು, ನಾಲ್ಕನೆಯದರಲ್ಲಿ ಐದು. ಸಿದ್ದರಾಜು ನೋಟ್‌ಬುಕ್ಕಿನಲ್ಲಿ ಪಾಚಿಯ ಬೆಳವಣಿಗೆಗೆ ಎಳೆದಿದ್ದ ರೇಖೆಯನ್ನು ಮೂರು ಸಲ ಅಳಿಸಿ ಬರೆದ. ಐದು ಬೆರಳಿಗೆ ಬೆಳಕು ಸತ್ತರೆ ಅದು ಕೆರೆಯಲ್ಲ, ಸೊಪ್ಪಿನ ಸಾರು. ಐದನೆಯ ಕಾರ್ಡಿನಲ್ಲಿ, "ಮೂರು ಬೆರಳು. ಮೂಟೆ ಬಂದಿದೆ. ಸೋಮವಾರ ಉಯ್ಯುತ್ತಾರೆ. ಬೇಗ ಬನ್ನಿ," ಎಂದಿತ್ತು.

ಸೋಮವಾರ ಬೆಳಿಗ್ಗೆ ಊರೆಲ್ಲ ಏರಿಯ ಮೇಲಿತ್ತು, ಮೈಲುತುತ್ತದ ಮೂಟೆಯೂ ಇತ್ತು. ಸಿದ್ದರಾಜು ದ್ಯಾವಯ್ಯನ ಹರಿಗೋಲಿನಲ್ಲಿ ಕೂತ. ದ್ಯಾವಯ್ಯ ಕೈಮುಗಿದು ತಟ್ಟೆ ಇಳಿಸಿದ.

"ಓಯ್ತು. ಎಲ್ಡು ಬೆರಳು."

ಸಿದ್ದರಾಜುಗೆ ತಟ್ಟೆಯಷ್ಟೇ ಅಲ್ಲ, ಅದರ ನೀಲಿ ಅಂಚೂ ಕಾಣುತ್ತಿತ್ತು. "ಇನ್ನೂ ಕಾಣ್ತದಲ್ಲ ದೊಡ್ಡಪ್ಪ."

"ನಿಂಗ್ ಕಾಣ್ತದೆ. ನೀ ಓದ್ದೋನು."

ಸಿದ್ದರಾಜು ಹಗ್ಗವನ್ನು ಗಂಟು ಗಂಟಾಗಿ ಬಿಟ್ಟ. ಹನ್ನೆರಡನೆಯ ಗಂಟಿಗೆ, ಸರಿಯಾಗಿ ಒಂದು ಗೇಣಿಗೆ, ತಟ್ಟೆ ಮರೆಯಾಯಿತು. ಐದು ವಾರದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟು, ದ್ಯಾವಯ್ಯನ ಮುಖದ ಮುಂದೆ ಮೂರು ಬೆರಳು ಎತ್ತಿದ.

"ಇದೆಷ್ಟು ದೊಡ್ಡಪ್ಪ?"

"ಯಾವುದು?"

ಹರಿಗೋಲು ಒಂದು ಸುತ್ತು ತಿರುಗಿತು. ದಡಕ್ಕೆ ಕೇಳದ ಹಾಗೆ ಸಿದ್ದರಾಜು ಹೇಳಿದ, "ಕಣ್ಣಿಗೆ ಪೊರೆ ಬಂದದೆ."

"ಪೊರೆಯಾ?" ದ್ಯಾವಯ್ಯ ದನಿ ತಗ್ಗಿಸಿದ. "ಸೂರ್ಯನೇ ಸಣ್ಣಗಾಯ್ತಾವ್ನೆ ಅನ್ಕಂಡಿದ್ದೆ ಕಣ್ಲಾ. ಜನ ಎದ್ರಕತಾರೆ ಅಂತ ಯಾರ್ಗೂ ಏಳ್ನಿಲ್ಲ."

ದಡಕ್ಕೆ ಬಂದ ಸಿದ್ದರಾಜು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬೈರಮ್ಮ ಪುಸ್ತಕ ತೆರೆಸಿದಳು. "ನೀರುಗಂಟಿ ಕಣ್ಣು ಅಂತ್ಲೇ ಬರ್ದದೆ. ನಿನ್ನ ಕಣ್ಣು ಇಲ್ಲಿ ನಡೆಯಕಿಲ್ಲ."

"ಬೇರೆಯೋರ್ನ ನೀರುಗಂಟಿ ಮಾಡ್ಬುಡಿ," ಎಂದ ಗುಂಪಿನಲ್ಲೊಬ್ಬ. ದ್ಯಾವಯ್ಯ ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದ.

"ಬ್ಯಾಡ ಅತ್ತೆ," ಎಂದ ಸಿದ್ದರಾಜು. "ಬೆಳ್ಳೂರಲ್ಲಿ ಕಣ್ಣಿನ ಕ್ಯಾಂಪು ನಡೀತದೆ. ಆಪರೇಸನ್ ಮಾಡ್ಸಿ ಅದೇ ಕಣ್ಣಲ್ಲೇ ನೋಡ್ಸಾನ."

ಬೈರಮ್ಮ ಮೂಟೆಯನ್ನೂ ದ್ಯಾವಯ್ಯನನ್ನೂ ಒಂದೊಂದು ಸಲ ನೋಡಿದಳು. "ಸರಿ. ಮೊದ್ಲು ಇವನ್ಗೆ ಔಸ್ದಿ ಆಗ್ಲಿ. ಆಮ್ಯಾಕೆ ಕೆರೆಗೆ."

ಮುಸವ್ವಿರ್ ಅಂದೇ ಮೀನಿನ ಟೆಂಪೊ ತೊಳೆದು ದ್ಯಾವಯ್ಯನನ್ನು ಕೂರಿಸಿಕೊಂಡು ಹೋದ. ಎಷ್ಟು ತೊಳೆದರೂ ವಾಸನೆ ಹೋಗದೆ, ಕ್ಯಾಂಪಿನ ದಾದಿಯರು ದ್ಯಾವಯ್ಯನನ್ನು ಮೂರು ಸಲ ಸ್ನಾನಕ್ಕೆ ಕಳಿಸಿದರಂತೆ.

ಏಳು ವಾರದ ಮೇಲೆ, ಸೋಡಾ ಬಾಟಲಿ ತಳದಂಥ ಕನ್ನಡಕ ಹಾಕಿಕೊಂಡು ದ್ಯಾವಯ್ಯ ಮತ್ತೆ ತಟ್ಟೆ ಇಳಿಸಿದ. ಗಂಟುಗಳನ್ನು ಊರೇ ಎಣಿಸಿತು. ಹನ್ನೆರಡಕ್ಕೆ ಆತ ಕೈ ಎತ್ತಿದ.

ಪಂಚಾಯಿತಿಯ ಪುಸ್ತಕದಲ್ಲಿ ಹೀಗೆ ದಾಖಲಾಯಿತು: 'ನೀರುಗಂಟಿಯ ಕಣ್ಣಿನ ಆಪರೇಷನ್ ಆದ ಕಾರಣ ಕೆರೆಯು ಗುಣವಾಗಿದೆ.' ಕೆರೆ ಮೊದಲಿನಷ್ಟೇ ಹಸಿರಾಗಿತ್ತು. ಮೂಟೆ ವಾಪಸು ಹೋಯಿತು. ಬೈರಮ್ಮ ಎತ್ತನ್ನು ಬಾವಿ ನೀರಿನಲ್ಲಿ ತೊಳೆಸತೊಡಗಿದಳು.

ದ್ಯಾವಯ್ಯ ದಡಕ್ಕೆ ಬಂದವನೇ ಸಿದ್ದರಾಜುವಿನ ಮುಖ ಹತ್ತಿರದಿಂದ ನೋಡಿದ. "ಇಷ್ಟು ಕರ್ರಗಿದ್ದೀಯ ಅಂತ ಗೊತ್ತೇ ಇರ್ನಿಲ್ಲ ಕಣ್ಲಾ," ಎಂದು, ಆಮೇಲೆ ಆಕಾಶದ ಕಡೆ ಕೈ ತೋರಿಸಿ, "ಸೂರ್ಯನೂ ರಿಪೇರಿಯಾಗವ್ನೆ," ಎಂದ.

ಸಿದ್ದರಾಜು ನೋಟ್‌ಬುಕ್ಕು ತೆಗೆದ. ದಿನಾಂಕ, ಹೊತ್ತು, ಆಳ ಎಂದಿದ್ದ ಮೂರು ಕಲಮುಗಳ ಪಕ್ಕ ಸ್ಕೇಲಿಟ್ಟು ನಾಲ್ಕನೆಯದನ್ನು ಎಳೆದು, ಮೇಲೆ 'ಯಾರ ಕಣ್ಣು' ಎಂದು ಬರೆದ.