ಮೆಲ್ಡಾಳ ಸಾವಿನೂಟಕ್ಕೆ ಆರ್ವಿಲಾಳ ಆಲೂಗಡ್ಡೆ

ಹೈಬೆಂಚ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಬಿಷಪ್ಪರಿಗೆ, ಎರಡನೆಯದು ಆರ್ವಿಲಾ ರಾಸ್ಮುಸೆನ್‌ಗೆ. ಹೋದವರ ಆತ್ಮ ಬಿಷಪ್ಪರ ಜವಾಬ್ದಾರಿ, ಉಳಿದವರ ಹೊಟ್ಟೆ ಆರ್ವಿಲಾಳದು. ಎರಡರಲ್ಲಿ ಯಾವುದು ಕಷ್ಟ ಅಂತ ಯಾರಾದರೂ ಕೇಳಿದರೆ ಆಕೆಯ ಉತ್ತರ ರೆಡಿ: "ಆತ್ಮ ಇನ್ನೊಂದ್ಸಲ ಬಡಿಸು ಅಂತ ತಟ್ಟೆ ಚಾಚಲ್ಲಪ್ಪ."

ಐಡಾಹೋದ ಈ ಬಯಲಲ್ಲಿ ಕಣ್ಣು ಹಾಯಿಸಿದಷ್ಟೂ ಆಲೂಗಡ್ಡೆ ಹೊಲ. ಗಡ್ಡೆ ಕೀಳುವ ಕಾಲ ಬಂತೆಂದರೆ ಶಾಲೆಗೇ ರಜೆ. ಇಂಥ ಊರಲ್ಲಿ ಸಾವಿನೂಟದ ತಟ್ಟೆಯಲ್ಲಿ ಹಂದಿಮಾಂಸದ ಹೋಳಿನ ಪಕ್ಕ ಬೇರೆ ಏನು ತಾನೇ ಇರಬೇಕು? ಬೇಯಿಸಿ ತುರಿದ ಆಲೂಗಡ್ಡೆ, ಅದಕ್ಕೆ ಹುಳಿ ಕೆನೆ, ಡಬ್ಬಿಯ ಚಿಕನ್ ಸೂಪು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಕೈ ಬಿಗಿ ಹಿಡಿಯದೆ ಹಾಕಿದ ಚೀಸು. ಮೇಲೆ ಬೆಣ್ಣೆ ಸವರಿದ ಕಾರ್ನ್‌ಫ್ಲೇಕ್ಸ್ ಪುಡಿ. ಓವನ್ನಿನಲ್ಲಿ ಅಂಚು ಕೊತಕೊತ ಅಂದು ನೆತ್ತಿ ಕೆಂಪಗಾದರೆ ಆಯಿತು. ಹೆಸರು ಸಾವಿನೂಟದ ಆಲೂಗಡ್ಡೆ. ಮದುವೆಗೂ ಅದನ್ನೇ ಮಾಡುತ್ತಾರೆ, ಕ್ರಿಸ್‌ಮಸ್ಸಿಗೂ ಅದನ್ನೇ. ಹೆಸರು ಮಾತ್ರ ಅದೇ. ಮದುಮಗಳು ಸಹ ತಕರಾರಿಲ್ಲದೆ ಬಡಿಸಿಕೊಳ್ಳುತ್ತಾಳೆ.

ಆರ್ವಿಲಾ ಏನು ಹುಟ್ಟುತ್ತಲೇ ಇದನ್ನು ಕಲಿತವಳಲ್ಲ. ಆಕೆಯ ತವರು ಬೆಟ್ಟದ ಮೇಲೆ ಕುರಿ ಸಾಕುವವರದು. ಹೈಬೆಂಚ್‌ಗೆ ಸೊಸೆಯಾಗಿ ಬಂದ ಹೊಸತರಲ್ಲೇ ಒಂದು ಸಾವಾಯಿತು. ಅತ್ತೆ ಕೈಗೆ ತುರಿಯುವ ಮಣೆ ಕೊಟ್ಟು "ಒಂದು ಟ್ರೇ ಮಾಡಿ ತಗೊಂಡು ಬಾ" ಅಂದುಬಿಟ್ಟರು. ಬೇಯಿಸಿ ತುರಿಯಬೇಕು ಅಂತ ಹೊಸ ಸೊಸೆಗೆ ಗೊತ್ತಿರಲಿಲ್ಲ. ಹಸಿಯದನ್ನೇ ತುರಿದಿಟ್ಟು ಚೆಂದದ ಉಡುಪು ಹಾಕಿಕೊಳ್ಳಲು ಹೋದಳು. ತಿರುಗಿ ಬರುವಷ್ಟರಲ್ಲಿ ಅದು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಹೊತ್ತಾಗಿತ್ತು, ಹಾಗೇ ಬೇಯಿಸಿ ಒಯ್ದಳು.

ಮೇಜಿನ ಸುತ್ತ ಕೂತವರು ಯಾರೂ ಮುಖ ಸಿಂಡರಿಸಲಿಲ್ಲ. ಅಷ್ಟನ್ನೂ ತಿಂದರು. ಅತ್ತೆ ಬಾಯಿ ಒರೆಸಿಕೊಂಡು "ಬಣ್ಣ ಹೊಸದಾಗಿದೆ" ಅಂದರು, ಅಷ್ಟೇ. ಯಾಕೆಂದರೆ ಈ ಕಣಿವೆಯಲ್ಲಿ ಬೈಬಲ್ಲಿನ ಹತ್ತು ಕಟ್ಟಳೆಗಳ ಜೊತೆ ಬರೆಯದ ಹನ್ನೊಂದನೆಯದೊಂದಿದೆ: ಸಾವಿನೂಟಕ್ಕೆ ಕೊಂಕು ತೆಗೆಯಬಾರದು. ಉಪ್ಪೋ ಸಪ್ಪೆಯೋ, ಕಪ್ಪೋ ಸೀದದ್ದೋ, ತಟ್ಟೆ ಖಾಲಿ ಮಾಡಿ "ಬಹಳ ಚೆನ್ನಾಗಿತ್ತು ಸಿಸ್ಟರ್" ಅನ್ನಬೇಕು. ಈ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಬ್ರದರ್. ಆವತ್ತು ಆರ್ವಿಲಾಳ ಪಕ್ಕ ಕೂತಿದ್ದ ಇನ್ನೊಬ್ಬ ಹೊಸ ಸೊಸೆ ಆ ಕೆಸರನ್ನು ಎರಡನೇ ಸಲ ಹಾಕಿಸಿಕೊಂಡಳು. ಅವಳೇ ಮೆಲ್ಡಾ. ಅವತ್ತಿನಿಂದ ಇಬ್ಬರದೂ ಒಂದೇ ಜೀವ.

ಆಮೇಲೆ ಆರ್ವಿಲಾ ಕಲಿತಳು. ಕಲಿತಳು ಅಂದರೆ ಎಂಥ ಕಲಿಕೆ! ಸಿಪ್ಪೆ ಸಮೇತ ಬೇಯಿಸಿ, ತಣ್ಣಗೆ ಗಟ್ಟಿಯಾಗಲು ಬಿಟ್ಟು, ತುರಿದರೆ ಎಳೆ ಎಳೆಯಾಗಿ ಬೀಳಬೇಕು, ಮುದ್ದೆಯಾಗಬಾರದು. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ, ತುರಿದು ಹೆಪ್ಪುಗಟ್ಟಿಸಿದ ಆಲೂಗಡ್ಡೆ ತಂದವರನ್ನು ಆಕೆ ಏನೂ ಅನ್ನುತ್ತಿರಲಿಲ್ಲ. ಕಿಟಕಿಯಾಚೆ ಹಬ್ಬಿದ ಆಲೂಗಡ್ಡೆ ಹೊಲವನ್ನು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ಅಷ್ಟು ಸಾಕಿತ್ತು. ಕೊನೆಗೆ ಸ್ವಂತ ಗಂಡನ ಮಣ್ಣಿನ ದಿನವೂ, ಸಾವಿನ ಮನೆಯವರು ಒಲೆ ಮುಟ್ಟಬಾರದು ಅಂತ ಎಲ್ಲರೂ ತಡೆದರೂ, ಕಪ್ಪು ಬಟ್ಟೆಯಲ್ಲೇ ಚರ್ಚಿನ ಅಡುಗೆಮನೆಗೆ ನುಗ್ಗಿ ಓವನ್ ಬಾಗಿಲು ತೆಗೆದು ನೋಡಿ ಬಂದವಳು ಆಕೆ.

ಹಿಂದಿನ ವರ್ಷದ ಚಳಿಗಾಲದಲ್ಲಿ ಆರ್ವಿಲಾಗೆ ಜೋರು ಜ್ವರ ಬಂತು. ಎದ್ದು ಕೂತಾಗ ಸಾಬೂನಿಗೂ ಈರುಳ್ಳಿಗೂ ವಾಸನೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ನಾಲಿಗೆಯೂ ಮರದ ಚಕ್ಕೆ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದಳು. ಬರಲಿಲ್ಲ. ಯಾರಿಗೂ ಹೇಳಲಿಲ್ಲ, ಮೆಲ್ಡಾಗೂ. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು: ಎಲ್ಲರೂ ಅಯ್ಯೋ ಪಾಪ ಅಂತಾರೆ, ಮನೆಗೆ ಸೂಪು ತಂದುಕೊಡುತ್ತಾರೆ, ಹಾಗೇ ಮೆಲ್ಲಗೆ ಕೈಯಿಂದ ತುರಿಯುವ ಮಣೆ ಕಿತ್ತುಕೊಳ್ಳುತ್ತಾರೆ. ಈರುಳ್ಳಿ ಬಾಡಿದ್ದು ಕಣ್ಣಿಗೆ ಕಾಣುತ್ತದೆ, ಅಂಚು ಬೆಂದದ್ದು ಕಿವಿಗೆ ಕೇಳುತ್ತದೆ. ಮೂಗು ನಾಲಿಗೆಗೇನು ಕೆಲಸ? ಅದೂ ಅಲ್ಲದೆ ಪ್ರತಿ ಸಲವೂ ಟ್ರೇಗಳು ಕೆರೆದು ತಿಂದ ಹಾಗೆ ಖಾಲಿಯಾಗಿಯೇ ವಾಪಸ್ ಬರುತ್ತಿದ್ದವು. ಇನ್ನೇನು ಸಾಕ್ಷಿ ಬೇಕು?

ಈ ವರ್ಷ ಗಡ್ಡೆ ಕೀಳುವ ಹೊತ್ತಿಗೆ ಮೆಲ್ಡಾ ಆಸ್ಪತ್ರೆ ಸೇರಿದಳು. ತಾನಿನ್ನು ಮನೆಗೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಾಗಿತ್ತು. ಆರ್ವಿಲಾಳ ಕೈ ಹಿಡಿದು ಹೇಳಿದಳು: "ನನ್ನ ಊಟಕ್ಕೆ ಹತ್ತು ಮನೆಯ ಹತ್ತು ಟ್ರೇ ಬೇಡ ಕಣೇ. ಪೂರ್ತಿ ನಿಂದೇ ಇರ್ಲಿ."

"ಹುಚ್ಚಿ, ಬೇರೆಯವ್ರದ್ದು ಇಡೋಕೆ ನಾನು ಬಿಡ್ತೀನಾ?" ಅಂದಿದ್ದಳು ಆರ್ವಿಲಾ. ಮೆಲ್ಡಾ ಯಾಕೋ ತುಂಬ ಹೊತ್ತು ನಕ್ಕಳು.

ಮಣ್ಣಿನ ದಿನ ಬೆಳಿಗ್ಗೆ ಚರ್ಚಿನ ಅಡುಗೆಮನೆಯ ಮೇಜಿನುದ್ದಕ್ಕೂ ಆರ್ವಿಲಾ ಕಲಸಿಟ್ಟ ಟ್ರೇಗಳು ಸಾಲಾಗಿ ಕೂತಿದ್ದವು. ಕಾರ್ನ್‌ಫ್ಲೇಕ್ಸ್ ಉದುರಿಸಿ ಓವನ್ನಿಗೆ ತಳ್ಳುವುದೊಂದೇ ಬಾಕಿ. ಕೈಕೆಳಗೆ ಏಳೆಂಟು ಹೆಂಗಸರು. ಅವರಲ್ಲಿ ಲಡಾನ್ ಆರ್ವಿಲಾಗಿಂತ ಚಿಕ್ಕವಳು, ಬಲಗೈ ಇದ್ದ ಹಾಗೆ. ಆದರೆ ಇವತ್ತು ಬಾಲ ಸುಟ್ಟ ಬೆಕ್ಕಿನ ಹಾಗೆ ಒಂದು ಸಲ ಕಿಟಕಿಗೆ, ಒಂದು ಸಲ ಬಾಗಿಲಿಗೆ ಓಡಾಡುತ್ತಿದ್ದಳು.

"ನೀವು ಹೋಗಿ ಮುಂದೆ ಕೂತ್ಕೊಳಿ ಸಿಸ್ಟರ್. ಪ್ರಾರ್ಥನೆ ಶುರುವಾಗತ್ತೆ. ಇಲ್ಲಿ ನಾನಿದೀನಲ್ಲ."

"ಇನ್ನೂ ಹೊತ್ತಿದೆ. ಯಾಕೆ ಹೀಗೆ ಓಡಿಸ್ತಿದೀಯ ನನ್ನ? ಹೊರಗೆ ನಿನ್ನ ಟ್ರಕ್‌ನ ಯಾರಾದ್ರೂ ಕದೀತಾರಾ?"

"ಇಲ್ಲಪ್ಪ, ಸುಮ್ನೆ..."

ಅಷ್ಟರಲ್ಲಿ ಕೋರಾ ಬಂದಳು. ಮೆಲ್ಡಾಳ ತಂಗಿ. ಈ ಊರನ್ನೂ ಈ ಚರ್ಚನ್ನೂ ಹರೆಯದಲ್ಲೇ ಬಿಟ್ಟು ನೆವಾಡಾ ಸೇರಿದವಳು. ಕೈಯಲ್ಲಿ ಫ್ಲಾಸ್ಕು, ಫ್ಲಾಸ್ಕಿನಲ್ಲಿ ಕಾಫಿ! ಈ ಚರ್ಚಿನವರಿಗೆ ಕಾಫಿ ನಿಷಿದ್ಧ, ಆ ಕಟ್ಟಡದೊಳಗೆ ಇಲ್ಲಿಯವರೆಗೆ ಯಾರೂ ಕಾಫಿ ಕುಡಿದಿರಲಿಲ್ಲ. ಹೆಂಗಸರು ಗೋಡೆಯ ಗಡಿಯಾರ ನೋಡುತ್ತ ನಿಂತರು.

"ಅಕ್ಕ ಯಾವಾಗ್ಲೂ ಹೊಗಳ್ತಿದ್ದ ಆಲೂಗಡ್ಡೆ ಇದೇನಾ?" ಅಂದವಳೇ ಕೋರಾ ಒಂದು ಟ್ರೇಯ ಮೂಲೆಗೆ ಚಮಚ ಹಾಕಿಬಿಟ್ಟಳು.

"ಬೇಡ, ಬೇಡ!" ಅಂತ ಲಡಾನ್ ಓಡಿಬರುವಷ್ಟರಲ್ಲಿ ಚಮಚ ಬಾಯಿಗೆ ಹೋಗಿತ್ತು. ಹೋದದ್ದು ಹಾಗೇ ಸಿಂಕಿಗೆ ಬಂತು.

"ಅಯ್ಯೋ ದೇವ್ರೇ! ಇದೇನು ಜನ ತಿನ್ನೋಕಾ, ದನ ನೆಕ್ಕೋಕಾ? ಬರೀ ಉಪ್ಪು!"

ಆರ್ವಿಲಾ ನಕ್ಕಳು. ಕೋರಾ ಚಿಕ್ಕಂದಿನಿಂದಲೂ ಕೀಟಲೆಯವಳು. ಆದರೆ ಬೇರೆ ಯಾರೂ ನಗಲಿಲ್ಲ. ಎಲ್ಲರೂ ತಂತಮ್ಮ ಕೈಬಟ್ಟೆ ಮಡಿಸತೊಡಗಿದ್ದರು.

"ಲಡಾನ್, ಬಾ ಇಲ್ಲಿ. ಬಾಯಿ ತೆಗಿ."

ಲಡಾನ್ ಚಮಚ ನೆಕ್ಕಿದಳು. ಕಣ್ಣಲ್ಲಿ ನೀರು ಬಂತು. "ಬಹಳ ಚೆನ್ನಾಗಿದೆ ಸಿಸ್ಟರ್" ಅಂದಳು, ಅನ್ನುತ್ತಲೇ ಕೈ ನೀರಿನ ಲೋಟ ಹುಡುಕುತ್ತಿತ್ತು.

"ಲಡಾನ್."

"...ಸ್ವಲ್ಪ ಉಪ್ಪಿದೆ."

"ಸ್ವಲ್ಪಾನಾ?" ಅಂದಳು ಕೋರಾ. "ಇದ್ರಲ್ಲಿ ಮೀನು ಬಿಟ್ರೆ ಬದುಕತ್ತೆ, ಸಮುದ್ರದ್ದಾದ್ರೆ."

ಲಡಾನ್ ಇನ್ನು ತಾಳಲಾರದೆ ಹೊರಗೆ ಹೋಗಿ ತನ್ನ ಟ್ರಕ್ಕಿನಿಂದ ದೊಡ್ಡ ದೊಡ್ಡ ಡಬ್ಬಗಳನ್ನು ಹೊತ್ತು ತಂದಳು. ಮುಚ್ಚಳ ತೆಗೆದರೆ ಒಳಗೆ ಬೇಯಿಸಿ ತುರಿದ ಆಲೂಗಡ್ಡೆ, ಒಂದು ಹರಳು ಉಪ್ಪು ಕಾಣದ್ದು. ಅಳುತ್ತಲೇ ಎಲ್ಲ ಹೇಳಿದಳು. ಜ್ವರ ಬಿಟ್ಟ ಮೇಲೆ ಆರ್ವಿಲಾ ಸೂಪಿನಲ್ಲಿ ಉಪ್ಪಿದೆ, ಚೀಸಿನಲ್ಲಿ ಉಪ್ಪಿದೆ ಅನ್ನುವುದನ್ನು ಮರೆತು, ಇನ್ನೂ ಸಾಲದು ಇನ್ನೂ ಸಾಲದು ಅಂತ ಹಾಕುತ್ತಿದ್ದಳಂತೆ. ಮೊದಲ ಸಲ ಅದನ್ನು ತಿಂದ ದಿನ ಊರವರು ಹಣ್ಣಿನ ಪಾನಕವನ್ನೆಲ್ಲ ಕುಡಿದು ಖಾಲಿ ಮಾಡಿದ್ದು ಮೆಲ್ಡಾಳ ಕಣ್ಣಿಗೆ ಬಿದ್ದಿತ್ತು. ಮುಂದಿನ ಸಾವಿನಿಂದ ಅವಳು ಶುರುಮಾಡಿದಳು. ಆರ್ವಿಲಾ ಪ್ರಾರ್ಥನೆಗೆ ಕೂತ ಹೊತ್ತು ನೋಡಿ ಹಿಂಬಾಗಿಲಿನಿಂದ ಉಪ್ಪಿಲ್ಲದ ಆಲೂಗಡ್ಡೆ ತಂದು, ಆಕೆಯ ಟ್ರೇಗಳಿಗೆ ಬೆರೆಸಿ, ಒಂದನ್ನು ಎರಡು ಮಾಡಿ ಓವನ್ನಿಗೆ ಇಡುತ್ತಿದ್ದಳು. ಆಸ್ಪತ್ರೆಗೆ ಹೋದ ಮೇಲೆ ಕೆಲಸವನ್ನು ಲಡಾನ್‌ಗೆ ವಹಿಸಿದ್ದಳು.

"ಯಾವಾಗಿಂದ?" ಅಂದಳು ಆರ್ವಿಲಾ.

"ಬ್ರದರ್ ಥೋರ್ಪ್ ಹೋದಾಗಿಂದ."

"ಥೋರ್ಪ್! ಆಮೇಲೆ ಅರ್ಧ ಊರೇ ಮಣ್ಣಾಯ್ತಲ್ಲೇ! ಅಷ್ಟು ದಿನದಿಂದ ನೀವೆಲ್ಲ ಸೇರಿ ನನ್ನ ಕಣ್ಣಿಗೆ ಮಣ್ಣೆರಚ್ತಿದ್ರಾ?"

ಆರ್ವಿಲಾ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಹೊರಟಳು. ಮುಗೀತು, ಮನೆಗೆ ಹೋದಳು ಅಂತ ಎಲ್ಲರೂ ಅಂದುಕೊಂಡರು. ಆಕೆ ಹೋದದ್ದು ಓಣಿಯ ಕೊನೆಯ ಕೋಣೆಗೆ. ಅಲ್ಲಿ ಮೆಲ್ಡಾಳನ್ನು ಮಲಗಿಸಿದ್ದರು. ಹತ್ತಿರ ಹೋಗಿ ಬಗ್ಗಿ ನಿಂತಳು.

"ಏಳೇ ಮೇಲೆ. ನಿಂಗೆ ಬೈಬೇಕು."

ಮೆಲ್ಡಾ ಏಳಲಿಲ್ಲ. ತುಟಿಯ ಮೇಲೆ ಮಾತ್ರ ಅದೇ, ಆಸ್ಪತ್ರೆಯ ನಗು. ಪೂರ್ತಿ ನಿಂದೇ ಇರ್ಲಿ ಅಂದಿದ್ದಳಲ್ಲ, ಎಲ್ಲ ಗೊತ್ತಿದ್ದೂ ಅಂದಿದ್ದಳಲ್ಲ! ಬೇಡವಾಗಿದ್ದರೆ ಅನ್ನುತ್ತಿದ್ದಳಾ? ಆರ್ವಿಲಾ ಗೆಳತಿಯ ಕಾಲರು ಸರಿಮಾಡಿದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಬಂದದ್ದಕ್ಕಿಂತ ಬಿರುಸಾಗಿ ಅಡುಗೆಮನೆಗೆ ವಾಪಸ್ ನಡೆದಳು.

"ಕೇಳ್ರಿ ಎಲ್ರೂ" ಅಂದಳು, ಏಪ್ರನ್ ಕಟ್ಟಿಕೊಳ್ಳುತ್ತ. "ನಂಗೆ ವಾಸ್ನೆ ಇಲ್ಲ, ರುಚಿ ಇಲ್ಲ. ಆ ಜ್ವರ ಎರಡೂ ತಗೊಂಡು ಹೋಯ್ತು. ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ಹೇಳ್ದೆ. ಅಯ್ಯೋ ಪಾಪ ಅಂದವ್ರಿಗೆ ಪಾತ್ರೆ ತಿಕ್ಕೋ ಕೆಲಸ. ಲಡಾನ್, ಆ ಡಬ್ಬ ಇಲ್ಲಿ ಸುರಿ, ನನ್ನ ಕಣ್ಮುಂದೆ."

ಡಬ್ಬ ಸುರಿದರು. ಆರ್ವಿಲಾ ಮೊಣಕೈವರೆಗೂ ಕೈ ಹಾಕಿ ಕಲಸಿದಳು. ಮೇಲಿಂದ ಕೆನೆ, ಮೇಲಿಂದ ಇನ್ನಷ್ಟು ಈರುಳ್ಳಿ. ರುಚಿ ನೋಡಲು ಲಡಾನ್‌ಗೆ ಕೊಟ್ಟಳು. "ಬಹಳ ಚೆನ್ನಾಗಿದೆ ಸಿಸ್ಟರ್." ಇನ್ನೊಬ್ಬಳಿಗೆ ಕೊಟ್ಟಳು. "ಬಹಳ ಚೆನ್ನಾಗಿದೆ." ಮೂರನೆಯವಳು ಬಾಯಿಗೆ ಹಾಕಿಕೊಳ್ಳುವ ಮೊದಲೇ ಚೆನ್ನಾಗಿದೆ ಅಂದಳು.

"ಥೂ, ನಿಮ್ಮನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ! ಕೋರಾ, ನೀನು ಬಾ."

"ನಾನು ಈ ಚರ್ಚ್ ಬಿಟ್ಟು ಕಾಲ ಆಯ್ತು" ಅಂದಳು ಕೋರಾ.

"ನಿನ್ನ ಭಕ್ತಿ ಯಾರಿಗೆ ಬೇಕು? ನಾಲಿಗೆ ಕೊಡು ಸಾಕು."

ಕೋರಾ ಕಾಫಿ ಬದಿಗಿಟ್ಟು ಚಮಚ ಹಿಡಿದಳು. ಇದು ಇನ್ನೂ ಉಪ್ಪು. ಇದು ಪರವಾಗಿಲ್ಲ. ಇದಕ್ಕೆ ಚೀಸು ಸಾಲದು. ಇದು ಯಾಕೋ ನಮ್ಮಮ್ಮ ಮಾಡ್ತಿದ್ದ ಹಾಗಿದೆ, ಅಂದವಳು ಅಲ್ಲಿಗೆ ಮಾತು ನಿಲ್ಲಿಸಿ ಅದೇ ಟ್ರೇಗೆ ಮತ್ತೆ ಚಮಚ ಹಾಕಿದಳು. "ಏಯ್, ಊಟಕ್ಕೂ ಉಳಿಸು" ಅಂತ ಆರ್ವಿಲಾ ಅವಳ ಕೈಗೆ ಒಂದು ಕೊಟ್ಟಳು. ಹೆಂಗಸರಿಗೆ ಆಗ ಉಸಿರು ಬಂತು.

ಮಣ್ಣು ಮುಗಿಸಿ ಎಲ್ಲರೂ ಬಂದು ಕೂತರು. ಮೇಜಿನ ನಡುವೆ ನೆತ್ತಿ ಕೆಂಪಾದ ಆಲೂಗಡ್ಡೆ ಟ್ರೇಗಳು ಅಂಚಿನಲ್ಲಿ ಇನ್ನೂ ಪಟಪಟ ಅನ್ನುತ್ತಿದ್ದವು. ಆರ್ವಿಲಾ ಮೊದಲ ತಟ್ಟೆಯನ್ನು ತಾನೇ ಬಡಿಸಿ ಮೆಲ್ಡಾಳ ಗಂಡ ಡೆಲ್ವಿನ್ ಮುಂದೆ ಇಟ್ಟಳು. ಇಟ್ಟು ಹೋಗಲಿಲ್ಲ. ಎದುರಿಗೇ ನಿಂತಳು.

ಡೆಲ್ವಿನ್ ಒಂದು ತುತ್ತು ತಿಂದ. ಇನ್ನೊಂದು ತಿಂದ. ಕೋರಾಳ ಮೂಲಕ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ತಲೆಯೆತ್ತಿ ಆರ್ವಿಲಾಳ ಮುಖ ನೋಡಿದ. ಪಕ್ಕದವರು "ಬಹಳ ಚೆನ್ನಾಗಿದೆ" ಅನ್ನಲು ಬಾಯಿ ತೆರೆದಿದ್ದರು, ಅವನು ಕೈ ಎತ್ತಿ ತಡೆದ.

"ಆರ್ವಿಲಾ" ಅಂದ. "ಉಪ್ಪು ಒಂಚೂರು ಕಮ್ಮಿ ಆಗಿದೆ."

ಹೈಬೆಂಚ್‌ನಲ್ಲಿ ಸಾವಿನೂಟಕ್ಕೆ ಯಾರಾದರೂ ಕೊಂಕು ತೆಗೆದದ್ದು ಅದೇ ಮೊದಲು. ಲಡಾನ್ ಕಣ್ಣು ಮುಚ್ಚಿಕೊಂಡಳು.

ಆರ್ವಿಲಾ ಪಕ್ಕದ ಕುರ್ಚಿ ಎಳೆದು ಕೂತಳು, ಬಾಯ್ತುಂಬ ನಗುತ್ತ. "ಒಂಚೂರು ಅಂದ್ರೆ ಎಷ್ಟು? ಸರಿಯಾಗಿ ಹೇಳು ಡೆಲ್ವಿನ್."

"ಒಂದು ಚಿಟಿಕೆ. ಮೆಲ್ಡಾ ಬೆರೆಸ್ತಿದ್ದಾಗ ಸರಿಯಾಗಿರ್ತಿತ್ತು."

"ಅವ್ಳು ಒಂದು ದಿನಕ್ಕೂ ನಂಗೆ ಹೇಳ್ಲಿಲ್ಲ ನೋಡು."

"ಅವ್ಳು ಹೇಳ್ತಿರ್ಲಿಲ್ಲ ಬಿಡು. ನಿನ್ನ ಆ ಕಪ್ಪು ಆಲೂಗಡ್ಡೆ ತಿಂದು ಬಂದು ಎರಡು ದಿನ ಹೊಟ್ಟೆ ಹಿಡ್ಕೊಂಡು ಮಲಗಿದ್ಲು. ಆಗ್ಲೂ ಹೇಳ್ಲಿಲ್ಲ."

"ಹಂಗಾದ್ರೆ ಇನ್ಮೇಲೆ ನೀನು ಹೇಳು" ಅಂದಳು ಆರ್ವಿಲಾ, ಉಪ್ಪಿನ ಡಬ್ಬಿಯನ್ನು ಅವನತ್ತ ತಳ್ಳುತ್ತ. "ಬೆಳಿಗ್ಗೇನೇ ಅಡುಗೆಮನೆಗೆ ಬಂದು ಹೇಳು. ಚಮಚ ನಾನು ಕೊಡ್ತೀನಿ."

ಡೆಲ್ವಿನ್ ತಲೆಯಾಡಿಸಿ ಒಂದು ಚಿಟಿಕೆ ಉದುರಿಸಿಕೊಂಡು ತಿನ್ನತೊಡಗಿದ. ಅವನ ಆಚೆ ಕೂತಿದ್ದ ಮುದುಕನೊಬ್ಬ ಸುತ್ತ ನೋಡಿ, ಧೈರ್ಯ ತಂದುಕೊಂಡು, ಮೆಲ್ಲಗೆ ಉಪ್ಪಿನ ಡಬ್ಬಿಗೆ ಕೈ ಚಾಚಿದ.